ಹದಿನೆಂಟು ಹೆಜ್ಜೆ ಮುಂದೆ ಅಪ್ಪ

ಪಾನಮ
ಸೆಪ್ಟೆಂಬರ್ 2, ಮಂಗಳವಾರ ಮಧ್ಯಾಹ್ನ

ಅಮ್ಮ,

ನಿನ್ನ ಎರಡೂ ಪಾದ ಮುಟ್ಟಿ ಸಂದಮಾಲಿ ಬರೆಯುತ್ತಿದ್ದೇನೆ. ಕುವೈತಿನಲ್ಲಿ ಬಿಸಿಲು ಇನ್ನೂ ಇಳಿದಿಲ್ಲ ಎಂದು ರಜೆಗೆ ಬಂದಿರುವ ಶ್ರೀಯಾನಿ ಅಕ್ಕ ಹೇಳಿದಳು. ಇಲ್ಲಿಯೂ ಹಾಗೆಯೇ. ಕೆರೆಗಳಲ್ಲಿ ನೀರು ತಳ ಸೇರಿದೆ. ಮೊಣಕಾಲು ನೋವೊಂದು ಬಿಟ್ಟರೆ ಅಜ್ಜಿ ಚೆನ್ನಾಗಿದ್ದಾಳೆ. ಅಪ್ಪನೂ ಚೆನ್ನಾಗಿದ್ದಾರೆ. ಈ ಕೊನೆಯ ಮಾತಿನ ಬಗ್ಗೆಯೇ ಈ ಕಾಗದ.

ಶ್ರೀಯಾನಿ ಅಕ್ಕ ನಾಳೆ ಬೆಳಿಗ್ಗೆ ಕೊಲಂಬೊ ಬಸ್ಸು ಹತ್ತುತ್ತಾಳೆ. ಗುರುವಾರ ಅವಳ ವಿಮಾನ. ಶುಕ್ರವಾರ ನೀವಿಬ್ಬರೂ ಸೇರುವ ಅಂಗಡಿ ಬೀದಿಯಲ್ಲಿ ಇದನ್ನು ನಿನ್ನ ಕೈಗೆ ಕೊಡುತ್ತಾಳೆ. ಸಂಜೆ ನೀನು ಫೋನ್ ಮಾಡುವುದರೊಳಗೆ ಓದಿರುತ್ತೀಯೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನಾನು ಅರ್ಧ ಹೇಳಿ ಅರ್ಧ ನುಂಗುತ್ತೇನೆ. ಕಾಗದದ ಮುಂದೆ ಹಾಗೆ ಆಗಲಾರದು ಎಂದು ಕೂತಿದ್ದೇನೆ.

ಕಳೆದ ಶುಕ್ರವಾರ ನೀನು ಎರಡು ಪ್ರಶ್ನೆ ಕೇಳಿದೆ. "ಮೂಟೆಯವರ ಮೇಲೆ ಆನೆ ನುಗ್ತಂತೆ, ಹೌದೇನೇ?" ಎಂಬುದು ಒಂದು. "ನಿಮ್ಮಪ್ಪ ಏನ್ ಕೇಳಿದ್ರೂ ಹಾ ಹಾ ಅಂತಾರಲ್ಲ, ಏನಾಗಿದೆ ಅವರಿಗೆ?" ಎಂಬುದು ಇನ್ನೊಂದು. ಲೈನು ಸರಿಯಿಲ್ಲ ಎಂದು ಎರಡಕ್ಕೂ ನಾನು ಜಾರಿಕೊಂಡೆ. ಎರಡು ಪ್ರಶ್ನೆಗೂ ಉತ್ತರ ಒಂದೇ.

ಬರುವ ಶನಿವಾರ ಬೆಳಿಗ್ಗೆ ಅಪ್ಪ ಊರು ನೋಡಲು ಬಂದ ಐದು ಜನ ಮೂಟೆಯವರನ್ನು ಕರೆದುಕೊಂಡು ಅದೇ ಕಾಡಿಗೆ, ಅದೇ ಕೆರೆಗೆ ಹೋಗುವುದೆಂದು ಒಪ್ಪಿಕೊಂಡಿದ್ದಾರೆ. ಹೋಗಬೇಕೋ ಬೇಡವೋ ಎಂದು ಶುಕ್ರವಾರ ನೀನು ಹೇಳಬೇಕು. ನಮ್ಮ ಯಾರ ಮಾತನ್ನೂ ಅವರು ಕೇಳುವುದಿಲ್ಲ. ನೀನು ತೀರ್ಮಾನಿಸಲು ಬೇಕಾದ ಸಂಗತಿಗಳನ್ನೆಲ್ಲ ಇದ್ದ ಹಾಗೆ ಬರೆಯುತ್ತೇನೆ.

ಮೊದಲು ನನ್ನ ತಪ್ಪು. ನೀನು ಹೊರಟ ದಿನ ವಿಮಾನ ನಿಲ್ದಾಣದ ಗಾಜಿನ ಬಾಗಿಲ ಹತ್ತಿರ, ಕಾಡಿಗೆ ಕಾಲಿಡುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡೆ. ಅತಿಥಿಗಳ ಅಡುಗೆ ನೋಡಿಕೋ, ಪುಸ್ತಕದಲ್ಲಿ ಅವರ ಹೆಸರು ಬರೆದುಕೋ, ಅಷ್ಟೇ ಸಾಕು ಎಂದೆ. ಆ ಮಾತು ಮುರಿದು ಒಂದು ವರ್ಷ ನಾಲ್ಕು ತಿಂಗಳಾಯಿತು. ಕಳೆದ ವರ್ಷದ ಮೇ ತಿಂಗಳಿನಿಂದ ಅಪ್ಪನ ಪ್ರತಿ ನಡಿಗೆಯಲ್ಲೂ ನಾನು ಅವರ ಹಿಂದೆ ಇದ್ದೇನೆ.

ಏಕೆಂದರೆ ಅಪ್ಪನ ಎಡಗಿವಿ ಕೇಳುವುದಿಲ್ಲ. ಗದ್ದೆ ಕಾಯುವಾಗ ಆನೆ ಪಟಾಕಿ ಕೈಯಲ್ಲೇ ಸಿಡಿದದ್ದು ನಿನಗೆ ಗೊತ್ತು. ಅಂಗೈ ಸುಟ್ಟಿತೆಂದು ನಿನಗೆ ಹೇಳಿದೆವು. ಕಿವಿಯ ವಿಷಯ ಹೇಳಲಿಲ್ಲ. ನೀನು ಕೆಲಸ ಬಿಟ್ಟು ಬಂದುಬಿಡುತ್ತೀಯೆ ಎಂದು ಅಪ್ಪ ಬೇಡವೆಂದರು. ಊರಿನಲ್ಲಿಯೂ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಅತಿಥಿಗಳನ್ನು ಕರೆತರುವ ಜೀಪಿನವರು ದಾರಿ ತೋರಿಸಲು ಮರುದಿನವೇ ಬೇರೆಯವರನ್ನು ಕರೆಯುತ್ತಾರೆ. ಮೂವತ್ತು ವರ್ಷ ಕಾಡನ್ನು ಕಿವಿಯಿಂದ ಓದಿದ ಮನುಷ್ಯ. ಮುಸಿಯ ಕೋತಿ ಎಲ್ಲಿ ಕೆಮ್ಮಿತು, ನವಿಲು ಯಾವ ದಿಕ್ಕಿಗೆ ಕೂಗಿತು ಎಂಬುದರ ಮೇಲೆ ದಾರಿ ಬದಲಿಸುತ್ತಿದ್ದರು. ಹೋದ ವರ್ಷ ಒಂದು ದಿನ ಮೂಟೆಯವರ ಬುತ್ತಿ ಮರೆತುಹೋಯಿತೆಂದು ತಲುಪಿಸಲು ಓಡಿದೆ. ಹಿಂದಿನಿಂದ ಅವರನ್ನು ಸೇರಿದಾಗ ಎಡಗಡೆ ಮುಸಿಯಗಳು ಒಂದೇ ಸಮ ಅರಚುತ್ತಿದ್ದವು. ಅಪ್ಪ ನೆಟ್ಟಗೆ ನಡೆಯುತ್ತಿದ್ದರು. ನನ್ನ ಕೈಯಲ್ಲಿ ಬೆತ್ತದ ಕೋಲಿತ್ತು. ಅದರ ತುದಿಯಿಂದ ಅವರ ಎಡ ಹೆಗಲನ್ನು ಮುಟ್ಟಿದೆ. ಅವರು ತಿರುಗಿ ನೋಡಲಿಲ್ಲ. ನಿಂತರು. ಎಡಕ್ಕೆ ದಿಟ್ಟಿಸಿದರು. ಎಲ್ಲರನ್ನೂ ಬಲದಾರಿಗೆ ತಿರುಗಿಸಿದರು.

ಆ ದಿನದಿಂದ ಅದೇ ರೂಢಿಯಾಯಿತು. ನಾವಿಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿಲ್ಲ. ಎಡ ಹೆಗಲು ಮುಟ್ಟಿದರೆ ಎಡಗಡೆ ಏನೋ ಇದೆ. ಬಲ ಹೆಗಲಿಗೆ ಬಲಗಡೆ. ಎರಡು ಹೆಗಲ ನಡುವೆ ಬೆನ್ನಿಗೆ ಮುಟ್ಟಿದರೆ ನಿಲ್ಲಬೇಕು. ಮೂಟೆಯವರು ಕೇಳಿದರೆ ಇದು ನಮ್ಮ ಕಡೆಯ ಪದ್ಧತಿ ಎನ್ನುತ್ತೇನೆ. ಅವರು ನಂಬಿ ಫೋಟೋ ತೆಗೆದುಕೊಳ್ಳುತ್ತಾರೆ.

ಬಲಗಿವಿ ಚೆನ್ನಾಗಿದೆ. ಅದಕ್ಕೆ ಸಾಕ್ಷಿ ಇದೆ. ಮುಂದೆ ಬರೆಯುತ್ತೇನೆ.

ಬೆನ್ನಿಗೆ ಚೀಲ ಹೊತ್ತು ದೇಶ ಸುತ್ತುವವರಿಗೆ ನೀನು ಇಟ್ಟ ಮೂಟೆಯವರು ಎಂಬ ಹೆಸರು ಈಗ ಊರಿನ ಬಾಯಲ್ಲೆಲ್ಲ ಇದೆ. ಆಗಸ್ಟ್ ಇಪ್ಪತ್ತೈದರಂದು ನಮ್ಮ ಮನೆಗೆ ಇಬ್ಬರು ಬಂದರು. ಚೆಕ್ ದೇಶದವರು. ಹುಡುಗಿ ಲೆಂಕಾ, ಇಪ್ಪತ್ನಾಲ್ಕು ವರ್ಷ. ಹುಡುಗ ಮಾರೆಕ್. ಆರು ವಾರದಿಂದ ತಿರುಗುತ್ತಿದ್ದರು. ಕಿತುಲ್ಗಲದಲ್ಲಿ ರಬ್ಬರ್ ದೋಣಿಯಲ್ಲಿ ಹೊಳೆ ಇಳಿದಿದ್ದರು. ಬೆಟ್ಟದ ಸೀಮೆಯಲ್ಲಿ ಹಗ್ಗಕ್ಕೆ ಜೋತುಬಿದ್ದು ಕಣಿವೆ ದಾಟಿದ್ದರು. ದಕ್ಷಿಣದ ಕಡಲಲ್ಲಿ ತಿಮಿಂಗಿಲ ನೋಡಿದ್ದರು. ಜೀಪಿನಲ್ಲಿ ಕೂತು ಒಂದೇ ಬೆಳಿಗ್ಗೆ ಹನ್ನೆರಡು ಆನೆ ಎಣಿಸಿದ್ದರು. ಜೀಪಿನಿಂದ ಕಂಡ ಆನೆ ಚಿತ್ರದ ಆನೆಯ ಹಾಗೆ. ಅವರಿಗೆ ಅದರ ಭಯವಿರಲಿಲ್ಲ.

ಮಾರೆಕ್ ಎಷ್ಟು ಎತ್ತರವೆಂದರೆ ಮೊದಲ ದಿನವೇ ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಂಡ. ನಾನು ರೊಟ್ಟಿ ತಟ್ಟುತ್ತಿದ್ದೆ. ತಲೆ ಎತ್ತಿ ನೋಡಿ, "ಅಜ್ಜಿ, ಅಕ್ಕಿ ಡಬ್ಬ ಮುಚ್ಚು. ಉದ್ದನವನು ಬಂದ" ಎಂದುಬಿಟ್ಟೆ.

ಅಜ್ಜಿಯ ಮುಖ ಬಿಳಿಚಿತು. ಎರಡು ವರ್ಷದ ಹಿಂದೆ ಅದೇ ಅಡುಗೆಮನೆಯ ಗೋಡೆಯನ್ನು ಆನೆ ಒಡೆದು ಅಕ್ಕಿ ತಿಂದು ಹೋದದ್ದು ಅವಳ ಕಣ್ಣೆದುರಿಗೇ. "ಬಾಯಿಗೆ ಬೀಗ ಇಲ್ವೇನೆ ನಿಂಗೆ? ಆ ಮಾತು ಕಾಡಿಂದು. ಕಾಡಲ್ಲೇ ಇರ್ಬೇಕು. ಮನೆಲಿ ಆಡಿ ನಗೋಕಲ್ಲ" ಎಂದಳು.

"ಮತ್ತೆ ಇವನನ್ನ ಏನ್ ಅನ್ಲಿ ಅಜ್ಜಿ? ಬಾಗ್ಲೇ ಸಾಲ್ದು ಇವನಿಗೆ."

"ಬಾಗಿಲನ್ನೇ ಕೇಳು. ನನ್ನನ್ನ ಕೇಳ್ಬೇಡ."

ಕಾಡಿನೊಳಗೆ ಆನೆಯ ಹೆಸರು ಹೇಳಬಾರದು, ಹೇಳಿದರೆ ಬರುತ್ತದೆ ಎಂದು ನಾವೆಲ್ಲ ಉದ್ದನವನು ಎನ್ನುತ್ತೇವೆ. ಆ ಹೆಸರನ್ನು ಮನುಷ್ಯನಿಗೆ ಕೊಟ್ಟವಳು ನಾನು. ಅತ್ತ ಲೆಂಕಾಗೆ ಅದು ಬಹಳ ಹಿಡಿಸಿತು. ಅವಳ ಹತ್ತಿರ ಒಂದು ಪುಸ್ತಕವಿತ್ತು. ನಮ್ಮ ಮಾತಿನ ಇನ್ನೂರು ಪದ ಬರೆದುಕೊಂಡಿದ್ದಳು. ಉದ್ದನವನು ಎಂಬುದನ್ನೂ ನನ್ನಿಂದ ಕೇಳಿ, ಎರಡು ಸಲ ಹೇಳಿಸಿ, ಅದರ ಮುಂದೆ ಮಾರೆಕ್ ಎಂದು ಬರೆದುಕೊಂಡಳು. ನಾನು ನೋಡುತ್ತಿದ್ದೆ. ನಗುತ್ತಿದ್ದೆ. ಎರಡು ದಿನ ನಮ್ಮ ಮನೆಯಲ್ಲಿ ಅದೇ ಆಟ. "ಉದ್ದನವನು ಎಲ್ಲಿ?" ಎಂದು ಲೆಂಕಾ ಕೇಳುವಳು. "ಉದ್ದನವನು ಸಮುದ್ರದಲ್ಲಿ" ಎಂದು ನಾನು ಹೇಳುವೆನು. ಮಾರೆಕ್ ಒಕಂದದ ಅಲೆಗಳ ಮೇಲೆ ಹಲಗೆ ಬಿಟ್ಟರೆ ಊಟಕ್ಕೂ ಬರುತ್ತಿರಲಿಲ್ಲ. ಅಜ್ಜಿ ಮಾತ್ರ ಪ್ರತಿ ಸಲವೂ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಇಪ್ಪತ್ತೇಳು, ಬುಧವಾರ. ಮಧ್ಯಾಹ್ನ ಮೂರೂವರೆಗೆ ನಾವು ಮೂವರು ಹೊರಟೆವು. ಅಪ್ಪ, ನಾನು, ಲೆಂಕಾ. ಬಂಡೆಯ ಬುಡದಿಂದ ಕೆರೆಗೆ ಮುಕ್ಕಾಲು ಗಂಟೆಯ ದಾರಿ. ಮಾರೆಕ್ ಸಮುದ್ರ ಮುಗಿಸಿಕೊಂಡು ಸರತ್ ಮಾವನ ಜೀಪಿನಲ್ಲಿ ಇನ್ನೊಂದು ಕಡೆಯಿಂದ ಕೆರೆಗೆ ಬಂದು, ಅಲ್ಲಿಂದ ನಮ್ಮ ಎದುರಿಗೆ ನಡೆದು ಬರುವುದೆಂದು ಮಾತಾಗಿತ್ತು. ಕಾಡಿನ ಅಂಚಿನಲ್ಲಿ ಅಪ್ಪ ಎಂದಿನಂತೆ ಒಂದು ಸೊಪ್ಪಿನ ರೆಂಬೆ ಮುರಿದು, ಕಾಡು ಕಾಯುವ ಅಯ್ಯನಾಯಕ ದೇವರಿಗೆಂದು ಮರದ ಕವಲಿಗೆ ನೇತುಹಾಕಿದರು. ಲೆಂಕಾ ತಾನೂ ಒಂದು ರೆಂಬೆ ಹಾಕಿದಳು. "ಚೆನ್ನಾಗ್ ಹಾಕಿದ್ಲು ಹುಡ್ಗಿ. ಜೀಪಿನೋರಿಗೆ ಇಷ್ಟೂ ಗೊತ್ತಿಲ್ಲ" ಎಂದು ಅಪ್ಪ ನನಗೆ ಹೇಳಿದರು. ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

ಗಾಳಿ ಇರಲಿಲ್ಲ. ಅರ್ಧ ದಾರಿಯ ತನಕ ಹಕ್ಕಿಗಳ ಸದ್ದಿತ್ತು. ಆಮೇಲೆ ಅದೂ ನಿಂತಿತು. ನನಗೆ ಅದು ಹಿಡಿಸಲಿಲ್ಲ. ಕೋಲಿನ ತುದಿಯನ್ನು ಅಪ್ಪನ ಬೆನ್ನ ಹತ್ತಿರವೇ ಇಟ್ಟುಕೊಂಡು ನಡೆದೆ. ಪಾಲು ಮರಗಳು ಒತ್ತಾಗುವ ಜಾಗದಲ್ಲಿ ಲೆಂಕಾ ಚಪ್ಪಲಿಗೆ ಮುಳ್ಳು ಚುಚ್ಚಿತೆಂದು ಕೂತಳು. ಉದ್ದ ಮುಳ್ಳು, ಅಟ್ಟೆ ತೂರಿ ಹಿಮ್ಮಡಿಗೆ ಹೋಗಿತ್ತು. ನಾನು ಬಗ್ಗಿ ಎಳೆಯಲು ನೋಡಿದೆ. ಬೆನ್ನಿನಿಂದ ಕೋಲು ದೂರವಾದದ್ದು ಅಪ್ಪನಿಗೆ ತಿಳಿಯುವ ಹಾಗಿರಲಿಲ್ಲ. ಅವರು ನಡೆಯುತ್ತಲೇ ಹೋದರು.

ಮುಳ್ಳು ಹೊರಬಂದಾಗ ನನಗೆ ಮೊದಲು ವಾಸನೆ ಬಂತು. ಕೊಳೆತ ಹುಲ್ಲಿನ, ಉಚ್ಚೆಯ ವಾಸನೆ. ಆಮೇಲೆ ಒಂದು ಸದ್ದು. ಖಾಲಿ ಡ್ರಮ್ಮನ್ನು ದೂರದಲ್ಲಿ ಯಾರೋ ಉರುಳಿಸಿದ ಹಾಗೆ. ನಾನು ತಲೆ ಎತ್ತಿದೆ. ಅಪ್ಪ ಹದಿನೆಂಟು ಹೆಜ್ಜೆ ಮುಂದಿದ್ದರು. ಅವರ ಬಲಗಡೆಯ ಪೊದೆಯ ಹಿಂದೆ ಬಂಡೆ ಎಂದು ನಾನು ಅಂದುಕೊಂಡದ್ದಕ್ಕೆ ಕಿವಿಗಳಿದ್ದವು. ಅವು ಬೀಸುತ್ತಿದ್ದವು. ಒಂಟಿ ಗಂಡು. ಕೆನ್ನೆಯ ಮೇಲೆ ಎಣ್ಣೆ ಇಳಿದ ಹಾಗೆ ಕಪ್ಪು ಗೆರೆ. ಮದ ಬಂದ ಗಂಡಿನ ಕೆನ್ನೆಯಲ್ಲಿ ಆ ಗೆರೆ ಕಂಡರೆ ಎದುರು ನಿಲ್ಲಬಾರದೆಂದು ಅಪ್ಪನೇ ನನಗೆ ಹೇಳಿಕೊಟ್ಟದ್ದು. ಅಪ್ಪ ಆ ಕಡೆಗೇ ನಡೆಯುತ್ತಿದ್ದರು.

ನಾನು ಲೆಂಕಾಳ ಕೈ ಹಿಡಿದು, ಹುಟ್ಟಿದಾಗಿನಿಂದ ರೂಢಿಯಾದ ಹಾಗೆ, ಉಸಿರಿನಲ್ಲಿ ಹೇಳಿದೆ: "ಉದ್ದನವನು. ಅಲ್ಲಾಡ್ಬೇಡ."

ಅವಳ ಮುಖ ಅರಳಿತು. ಅಮ್ಮ, ನಾನು ಈ ಜನ್ಮದಲ್ಲಿ ಮರೆಯದ ಮುಖ ಅದು. ಆನೆ ಎಂದಿದ್ದರೆ ಅವಳಿಗೆ ತಿಳಿಯುತ್ತಿತ್ತು. ಆ ಪದ ಅವಳ ಪುಸ್ತಕದ ಮೊದಲ ಪುಟದಲ್ಲೇ ಇತ್ತು. ನಾನು ಹೇಳಿದ್ದು ಮಾರೆಕ್ ಬಂದ ಎಂದು. ಅವಳು ಎದ್ದು ನಿಂತಳು.

ಕೂಗು ಕೇಳಿಸಿತು. ಲೆಂಕಾ ಕೂಗಿದಳು. ಪೊದೆಯ ಹಿಂದೆ ಬೀಸುತ್ತಿದ್ದ ಕಿವಿಗಳು ನಿಂತವು. ಅಪ್ಪ ಬಲಗಿವಿಯಲ್ಲಿ ಅದನ್ನು ಕೇಳಿಸಿಕೊಂಡು ತಿರುಗಿದರು, ನನ್ನ ಮುಖ ನೋಡಿದರು, ನಾನು ನೋಡುತ್ತಿದ್ದ ಕಡೆ ನೋಡಿದರು. ಬಲಗಿವಿ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿ ಎಂದೆನಲ್ಲ, ಇದೇ.

ಆಮೇಲಿನದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಹೇಳಲಾರೆ. ಆನೆ ಪೊದೆಯನ್ನು ಬಳಸಿ ಬರಲಿಲ್ಲ. ಪೊದೆಯನ್ನೇ ತುಳಿದುಕೊಂಡು ಬಂತು. ಇಷ್ಟು ದೊಡ್ಡದಕ್ಕೆ ಕಾಲಿನ ಸದ್ದೇ ಇರಲಿಲ್ಲ. ಕೊಂಬೆಗಳು ಮುರಿಯುವ ಸದ್ದು ಮಾತ್ರ. ಲೆಂಕಾ ಓಡಲು ನೋಡಿದಳು. ಅವಳ ಜಡೆಯನ್ನೇ ಹಿಡಿದು ಎಳೆದು ಮರದ ಹಿಂದೆ ಕೂರಿಸಿ ಮೇಲೆ ನಾನು ಬಿದ್ದೆ. ಅವಳ ಎದೆ ಬಡಿತ ನನ್ನ ಹೊಟ್ಟೆಗೆ ತಾಗುತ್ತಿತ್ತು. ಅಥವಾ ಅದು ನನ್ನದೇ ಇರಬಹುದು.

ಅಪ್ಪ ಓಡಲಿಲ್ಲ. ಎರಡೂ ಕೈ ಬದಿಗೆ ಚಾಚಿ ನಿಂತರು. ಯಾವಾಗಲೂ ಹೇಳುವ ಮಾತನ್ನೇ ಹೇಳಿದರು: "ಹೋಗಪ್ಪ, ಹೋಗು. ನಿನ್ ದಾರಿಗೆ ನಾವು ಬಂದ್ವಿ. ತಪ್ಪಾಯ್ತು. ಹೋಗು." ಅದನ್ನು ಪಿಸುಮಾತಿನಲ್ಲಿ ಹೇಳಬೇಕು. ಪಿಸುಗುಟ್ಟುತ್ತಿದ್ದೇನೆ ಎಂದೇ ಅವರು ಅಂದುಕೊಂಡಿದ್ದರು. ಆದರೆ ಸಂತೆಯಲ್ಲಿ ಮೀನು ಮಾರುವವರ ಹಾಗೆ ಕಾಡಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಆನೆ ನಿಂತಿತು. ಸೊಂಡಿಲಿನಿಂದ ಮಣ್ಣು ತೆಗೆದು ಅವರತ್ತ ಎಸೆಯಿತು. ತಲೆ ಅಲ್ಲಾಡಿಸಿತು. ಅಪ್ಪ ಮತ್ತೆ ಅದನ್ನೇ ಹೇಳಿದರು. ಮೂರನೆಯ ಸಲ ಹೇಳುವಾಗ ಅದು ಪಕ್ಕಕ್ಕೆ ತಿರುಗಿತು. ಬಾಲ ಎತ್ತಿಕೊಂಡೇ ಕೆರೆಯ ಕಡೆ ಹೋಯಿತು.

ಕೆರೆಯ ಕಡೆ ಎಂದರೆ ಮಾರೆಕ್ ಬರುವ ದಾರಿ. ನಾವು ಮೂವರೂ ಅದನ್ನು ಒಟ್ಟಿಗೇ ನೆನಪಿಸಿಕೊಂಡೆವು. ಅಪ್ಪ ನಮ್ಮನ್ನು ಬಂಡೆಯ ಮೇಲಿಂದ ಸುತ್ತಿಸಿ ಕರೆದೊಯ್ದರು. ಒಂದು ಗಂಟೆ ಹತ್ತು ನಿಮಿಷ. ಆ ಒಂದು ಗಂಟೆ ಹತ್ತು ನಿಮಿಷ ಲೆಂಕಾ ನನ್ನ ಕೈ ಬಿಡಲಿಲ್ಲ. ಅವಳ ಉಗುರು ಚುಚ್ಚಿದ ನಾಲ್ಕು ಗುರುತು ಇನ್ನೂ ಇದೆ. ಕೆರೆಯ ಏರಿಯ ಮೇಲೆ ಜೀಪು ನಿಂತಿತ್ತು. ಮಾರೆಕ್ ಬಾನೆಟ್ಟಿನ ಮೇಲೆ ಕೂತು ಎಮ್ಮೆ ಮೊಸರು ತಿನ್ನುತ್ತಿದ್ದ. ಅವನು ಇಳಿಯಲು ಹೊರಟಿದ್ದನಂತೆ. ಸರತ್ ಮಾವ ಮೊಸರಿನ ಗಡಿಗೆ ತೆಗೆದದ್ದರಿಂದ ಉಳಿದುಕೊಂಡ.

ಸರತ್ ಮಾವನಿಗೆ ಏನೋ ನಡೆದಿದೆ ಎಂದು ಗೊತ್ತಾಯಿತು. "ಯಾರ್ ಕೂಗಿದ್ದು? ಇಲ್ಲಿ ತನಕ ಕೇಳ್ತು. ತಿಲಕ ಅಣ್ಣ, ನಿಮ್ ಕಾಡಲ್ಲಿ ಕೂಗೋದು ಯಾವಾಗಿಂದ ಶುರು?" ಎಂದು ಅಪ್ಪನನ್ನು ಕೇಳಿದ. ಅಪ್ಪ ಮುಖ ತೊಳೆಯುತ್ತಿದ್ದರು. ಲೆಂಕಾ ಮುಂದೆ ಬಂದು ತನ್ನ ಹರಕು ಭಾಷೆಯಲ್ಲಿ, "ಕೂಗು ನಾನು. ತಪ್ಪು ನಾನು" ಎಂದಳು. ಸರತ್ ಮಾವ ನಕ್ಕುಬಿಟ್ಟ. "ಹೋಗ್ಲಿ ಬಿಡಮ್ಮ. ಮೂಟೆಯೋರಿಗೆ ಏನ್ ಗೊತ್ತಾಗುತ್ತೆ" ಎಂದ. ಊರಿಗೆಲ್ಲ ಅವನೇ ಸುದ್ದಿ ಹಂಚಿದ. ತಿಲಕಸಿರಿ ಮಾತಾಡಿ ಆನೆಯನ್ನು ವಾಪಸ್ ಕಳಿಸಿದ ಎಂದು ಈಗ ಕಡಲ ದಂಡೆಯ ಅತಿಥಿಗೃಹಗಳಲ್ಲೆಲ್ಲ ಮಾತು. ಶನಿವಾರದ ಐವರೂ ಅದನ್ನು ಕೇಳಿಯೇ ಬರುತ್ತಿದ್ದಾರೆ.

ಲೆಂಕಾ, ಮಾರೆಕ್ ಮರುದಿನ ಬೆಳಿಗ್ಗೆಯೇ ಹೊರಟರು. ಹೋಗುವಾಗ ಅವಳು ಅಪ್ಪನ ಮುಂದೆ ಮಂಡಿಯೂರಿ ನಾವು ಮಾಡುವ ಹಾಗೆ ಪಾದ ಮುಟ್ಟಿದಳು. ಅಪ್ಪ ತಲೆ ಮುಟ್ಟಿ, "ಒಳ್ಳೇದಾಗ್ಲಿ ಮಗಳೇ. ಕಾಡಲ್ಲಿ ಇನ್ನೆಲ್ಲೂ ಕೂಗ್ಬೇಡ" ಎಂದರು.

ಅದೇ ಗುರುವಾರ ಅಪ್ಪ ಹೆಜ್ಜೆಗುರುತು ನೋಡಲು ಹೋದರು. ನಾನೂ ಹೋದೆ. ಒಬ್ಬರನ್ನೇ ಹೇಗೆ ಕಳಿಸಲಿ? ಆನೆ ಅವರಿಂದ ಹನ್ನೊಂದು ಹೆಜ್ಜೆ ದೂರದಲ್ಲಿ ನಿಂತಿತ್ತು. ಅವರಿಂದ ನನಗೆ ಹದಿನೆಂಟು. ಎರಡನ್ನೂ ನಾನೇ ಎಣಿಸಿದೆ. ಲೆಂಕಾ ಮುಳ್ಳು ತೆಗೆಸಿಕೊಂಡ ಜಾಗದಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಾ ತುಂಬಾ ಹೊತ್ತು ಕಳೆದರು. ಏನು ಕಂಡರೆಂದು ನಾನು ಕೇಳಲಿಲ್ಲ. ಅವರ ಬೆನ್ನ ಮೇಲೆ, ಎರಡು ಹೆಗಲುಗಳ ನಡುವೆ ಒಂದು ಗಾಯವಾಗಿದೆ. ಒಣ ಕೊಂಬೆ ತಗುಲಿತು. ಅರಿಶಿನ ಹಚ್ಚುತ್ತಿದ್ದೇನೆ. ಆರುತ್ತಿದೆ.

ಈಗ ನನ್ನ ವಿಷಯ. ನನಗೆ ಹೆದರಿಕೆ ಹೋಗುತ್ತಿಲ್ಲ. ನಡುಹಗಲಲ್ಲಿ ಬಾವಿಯ ಹತ್ತಿರ ತೆಂಗಿನ ಗರಿ ಬಿದ್ದರೂ ಕೊಡ ಬಿಟ್ಟು ನೆಲಕ್ಕೆ ಕೂರುತ್ತೇನೆ. ಅಪ್ಪ ಹಿತ್ತಲಲ್ಲಿ ಕ್ಯಾಸೆಟ್ಟಿನ ಹಾಡು ಹಾಕಿಕೊಂಡು ಕತ್ತಿ ಮಸೆಯುತ್ತಿರುತ್ತಾರೆ. ಕ್ಯಾಸೆಟ್ಟು ಮುಗಿದರೂ ತಲೆದೂಗುತ್ತಿರುತ್ತಾರೆ. ನಾನು ಕಿಟಕಿಯಿಂದ ಅವರ ಬೆನ್ನು ನೋಡುತ್ತಾ ನಿಲ್ಲುತ್ತೇನೆ. ಕೋಲಿಲ್ಲದ ಆ ಬೆನ್ನು ನೋಡಿದರೆ ಮೂಲೆಯಲ್ಲಿಟ್ಟ ಕೋಲನ್ನು ತಂದು ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಹೋಗಬೇಡಿ ಎಂದು ಭಾನುವಾರ ಅವರೆದುರು ಅತ್ತೆ. "ಹುಚ್ಚಿ. ಹೋದ ಸಲ ಏನಾಯ್ತೀಗ? ಬಲಗಿವಿ ಇದೆ, ನೀನಿದ್ದೀಯ. ಕಾಡು ಬಿಟ್ಟು ನಾನು ಬೀಚಲ್ಲಿ ಛತ್ರಿ ಬಾಡಿಗೆ ಕೊಡ್ಕೊಂಡು ಕೂರ್ಲಾ?" ಎಂದು ನಕ್ಕರು. ಅಜ್ಜಿ ಅಪ್ಪನ ಪರ. ಗಂಡಸನ್ನು ಮನೆಯಲ್ಲಿ ಕೂರಿಸಿದರೆ ಬೇಗ ಮುದಿಯಾಗುತ್ತಾನೆ ಎನ್ನುತ್ತಾಳೆ. ಅದೂ ಸುಳ್ಳಲ್ಲ. ಕಾಡಿನಿಂದ ಬಂದ ದಿನ ಅಪ್ಪ ಎರಡು ತಟ್ಟೆ ಊಟ ಮಾಡುತ್ತಾರೆ. ಉಳಿದ ದಿನ ಅನ್ನ ಕಲಸುತ್ತಾ ಕೂರುತ್ತಾರೆ.

ಹಾಗಾಗಿ ನೀನೇ ಹೇಳು. ಎಡಗಿವಿ ಇಲ್ಲ, ಬಲಗಿವಿ ಇದೆ, ಹಿಂದೆ ನಾನಿದ್ದೇನೆ. ಹೋಗಲಿ ಎಂದರೆ ನಾನು ಕೋಲು ಹಿಡಿದು ಹೋಗುತ್ತೇನೆ. ಬೇಡವೆಂದರೆ ಸರತ್ ಮಾವನಿಗೆ ನಾನೇ ಹೇಳುತ್ತೇನೆ. ನಿನ್ನ ಮಾತಾದರೆ ಅಪ್ಪ ಸುಮ್ಮನಾಗುತ್ತಾರೆ.

ನಿನ್ನ ಮೇಡಂ ಕೊಟ್ಟ ಶಾಂಪೂ ಮುಗಿದಿಲ್ಲ, ಇನ್ನು ಕಳಿಸಬೇಡ. ಒಣಮೀನು, ಕಿತುಲ್ ಬೆಲ್ಲ ಶ್ರೀಯಾನಿ ಅಕ್ಕನ ಚೀಲದಲ್ಲಿದೆ.

ತ್ರಿರತ್ನಗಳು ನಿನ್ನನ್ನು ಕಾಯಲಿ.

ಮಾತು ಮುರಿದ ನಿನ್ನ ಮಗಳು
ಸಂದಮಾಲಿ

ಬುಧವಾರ ಬೆಳಿಗ್ಗೆ, ಬಸ್ ನಿಲ್ದಾಣದಲ್ಲಿ.

ಅಮ್ಮ, ಶ್ರೀಯಾನಿ ಅಕ್ಕನ ಕೈಗೆ ಕೊಟ್ಟಿದ್ದ ಕಾಗದವನ್ನು ವಾಪಸ್ ಇಸಿದುಕೊಂಡು ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಡ್ರೈವರ್ ಟೀ ಕುಡಿಯುತ್ತಿದ್ದಾನೆ. ಅಷ್ಟರಲ್ಲಿ ಮುಗಿಸಬೇಕು.

ಲೆಂಕಾ ಕೂಗಲಿಲ್ಲ. ಅವಳು ಎದ್ದು ನಿಂತು, ಮೆಲ್ಲಗೆ "ಮಾರೆಕ್?" ಎಂದು ನನ್ನನ್ನು ಕೇಳಿದಳು. ಅಷ್ಟೇ. ಕೂಗಿದವಳು ನಾನು. "ಅಪ್ಪಾ" ಎಂದು ಕೂಗಿದೆ. ಒಂದು ಸಲ ಅಲ್ಲ, ಮೂರು ಸಲ. ಅರ್ಧ ಮೈಲಿ ಆಚೆ ಜೀಪಿನಲ್ಲಿದ್ದ ಸರತ್ ಮಾವನಿಗೆ ಕೇಳಿಸಿತು. ಹದಿನೆಂಟು ಹೆಜ್ಜೆ ಮುಂದಿದ್ದ ಅಪ್ಪನಿಗೆ ಕೇಳಿಸಲಿಲ್ಲ. ನಡೆಯುತ್ತಲೇ ಇದ್ದರು. ನಾನು ನೆಲದಿಂದ ಕಲ್ಲು ಕಿತ್ತು ಅವರ ಬೆನ್ನಿಗೆ ಎಸೆದೆ. ನಿಲ್ಲಬೇಕಾದಾಗ ಕೋಲು ಮುಟ್ಟಿಸುವ ಜಾಗಕ್ಕೇ ಗುರಿ ಇಟ್ಟೆ. ಅದು ಬಿದ್ದಾಗ ಅವರು ತಿರುಗಿದರು. ಆ ಗಾಯ ಕೊಂಬೆಯದಲ್ಲ. ದಿನಾ ಪಾದ ಮುಟ್ಟುವ ಕೈಯಿಂದ ಅಪ್ಪನಿಗೆ ಕಲ್ಲು ಹೊಡೆದಿದ್ದೇನೆ. ಅದನ್ನು ನಿನ್ನೆ ಬರೆಯಲಾಗಲಿಲ್ಲ.

ಕೂಗಿದ್ದು ನಾನೆಂದರೆ ಅಪ್ಪನಿಗೆ ಕೇಳಿಸಲಿಲ್ಲ ಎಂಬುದೂ ಹೊರಬೀಳುತ್ತಿತ್ತು. ಲೆಂಕಾಗೆ ಅದು ಅರ್ಥವಾಗಿತ್ತು. ಆ ಕೋಲು ಪದ್ಧತಿಯಲ್ಲವೆಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತೇನೋ. ಅದಕ್ಕೇ ತಪ್ಪನ್ನು ತಾನು ಹೊತ್ತುಕೊಂಡಳು. ನಾನು ಸುಮ್ಮನಿದ್ದೆ.

ಅಪ್ಪನಿಗೂ ಗೊತ್ತು. ಗುರುವಾರ ಅವರು ಅಷ್ಟು ಹೊತ್ತು ನೋಡಿದ್ದು ಕಲ್ಲು ಕಿತ್ತ ಗುಳಿಯನ್ನು. ಆ ಕಲ್ಲನ್ನು ಹುಡುಕಿ ಜೇಬಿಗೆ ಹಾಕಿಕೊಂಡು ಬಂದು ಬುದ್ಧನ ಪಟದ ಕೆಳಗೆ, ಎಣ್ಣೆ ದೀಪದ ಪಕ್ಕ ಇಟ್ಟಿದ್ದಾರೆ. ಅದರ ಬಗ್ಗೆ ಏನೂ ಕೇಳಿಲ್ಲ. ಆದರೂ ಶನಿವಾರ ಹೋಗುತ್ತಾರಂತೆ.

ಶುಕ್ರವಾರ ಫೋನನ್ನು ಅವರಿಗೆ ಕೊಡು ಎನ್ನಬೇಡ. ಐದು ತಿಂಗಳಿಂದ ನೀನು ಹೇಳಿದ ಒಂದು ಮಾತೂ ಅವರಿಗೆ ಮುಟ್ಟಿಲ್ಲ. ನಾನು ಎದುರಿಗೆ ನಿಂತು ತಲೆ ಅಲ್ಲಾಡಿಸುತ್ತೇನೆ, ಅವರು ಹಾ ಹಾ ಎನ್ನುತ್ತಾರೆ. ನಿನ್ನ ತೀರ್ಮಾನ ನನಗೆ ಹೇಳು. ದೊಡ್ಡ ಅಕ್ಷರದಲ್ಲಿ ಬರೆದು ಅವರ ಮುಂದೆ ಹಿಡಿಯುತ್ತೇನೆ.

ಬಸ್ಸು ಹಾರ್ನ್ ಮಾಡುತ್ತಿದೆ. ಅಪ್ಪ ನಮ್ಮ ಯಾರ ಮಾತನ್ನೂ ಕೇಳುವುದಿಲ್ಲ ಎಂದು ಮೊದಲ ಪುಟದಲ್ಲಿ ಬರೆದಿದ್ದೇನೆ. ಆ ಸಾಲನ್ನು ಇನ್ನೊಂದು ಸಲ ಓದು, ಅಮ್ಮ.